ಅನುಮತಿಯಿಲ್ಲದೆ ತೆರೆಯುವ ಬಾಗಿಲು

ಪರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ಕಲಿಸುತ್ತದೆ. ಅನ್ಯರ ಗುಟ್ಟುಗಳನ್ನು ಕೆದಕುವುದನ್ನು ಸೂರಃ ಅಲ್‌ಹುಜುರಾತ್ ನಿಷೇಧಿಸುತ್ತದೆ. ಇಂದು ಮನೆಮಾತುಗಳೆಲ್ಲ ಮೊಬೈಲಿನಲ್ಲಿವೆ. ಆ ಬಾಗಿಲನ್ನು ಸರಕಾರಗಳು ಸದ್ದಿಲ್ಲದೆ ತೆರೆಯುತ್ತಿವೆ.

ಅಮೆರಿಕದ ವಿದೇಶಿ ಬೇಹುಗಾರಿಕಾ ಕಾನೂನಿನ 702ನೇ ವಿಧಿಯನ್ನೇ ನೋಡೋಣ. 2008ರಲ್ಲಿ ಜಾರಿಗೆ ಬಂದ ಇದು, ಹೊರದೇಶಗಳಲ್ಲಿರುವ ವಿದೇಶೀಯರ ಇಮೇಲ್, ಕರೆ, ಸಂದೇಶಗಳನ್ನು ವಾರಂಟ್ ಇಲ್ಲದೆ ಸಂಗ್ರಹಿಸಲು ಅವಕಾಶ ನೀಡುತ್ತದೆ. ಅವರೊಂದಿಗೆ ಸಂಪರ್ಕವಿರುವ ಅಮೆರಿಕನ್ನರ ಮಾತುಗಳೂ ಆ ಬಲೆಗೆ ಬೀಳುತ್ತವೆ. ಎಫ್‌ಬಿಐ ಆ ಭಂಡಾರದಲ್ಲಿ ಸ್ವದೇಶೀಯರನ್ನೇ ಹುಡುಕಿತು. ಜಾರ್ಜ್ ಫ್ಲಾಯ್ಡ್ ಹತ್ಯೆಯನ್ನು ಪ್ರತಿಭಟಿಸಿದವರನ್ನೂ ಬಿಡಲಿಲ್ಲ. ಇಂತಹ ಹುಡುಕಾಟಕ್ಕೆ ವಾರಂಟ್ ಕಡ್ಡಾಯಗೊಳಿಸುವ ತಿದ್ದುಪಡಿಯು 2024ರ ಎಪ್ರಿಲ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 212–212 ಸಮಮತದಿಂದ ಬಿದ್ದುಹೋಯಿತು. ವಿಧಿಯು ಮತ್ತೆರಡು ವರ್ಷಗಳಿಗೆ ನವೀಕರಣಗೊಂಡಿತು.

ಭಯೋತ್ಪಾದನೆಯನ್ನು ತಡೆಯುವಾಗ ವಿಳಂಬ ಸಲ್ಲದೆಂಬುದು ಸಮರ್ಥಕರ ವಾದ. ಆದರೆ ಆ ತಿದ್ದುಪಡಿಯು ತುರ್ತು ಸಂದರ್ಭಗಳಿಗೆ ವಿನಾಯಿತಿ ನೀಡಿತ್ತು. ಹಾಗಾದರೆ ನ್ಯಾಯಾಧೀಶರ ಮುಂದೆ ಕಾರಣ ಹೇಳಲು ಅಧಿಕಾರಕ್ಕೆ ಅಂಜಿಕೆಯೇಕೆ? ತಪ್ಪು ಮಾಡದವನಿಗೆ ಭಯವಿಲ್ಲವೆಂಬ ಮಾತು ಮೊದಲು ಅದಕ್ಕೇ ಅನ್ವಯಿಸಲಿ.

ಆ ಚರ್ಚೆಯೂ ಅಮೆರಿಕನ್ನರ ಹಕ್ಕುಗಳ ಕುರಿತಾಗಿತ್ತೇ ಹೊರತು, ಅಲ್ಲಿನ ಕಂಪೆನಿಗಳ ಇಮೇಲ್ ಬಳಸುವ ಮಂಗಳೂರು, ಭಟ್ಕಳದವರ ಕುರಿತಲ್ಲ. ಆ ವಿಧಿಯ ಕಣ್ಣಿಗೆ ನಾವು ಕೇವಲ ಹೊರದೇಶದ ವಿದೇಶೀಯರು.

ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಸಾರಿತು. ಆ ಹಕ್ಕನ್ನು ಆಳುವವರಿಂದ ಕೇಳೋಣ. ನೆರೆಯವರ, ಬಂಧುಗಳ ಗುಟ್ಟನ್ನು ಕೆದಕದೆ ನಾವೂ ಪಾಲಿಸೋಣ.