ತಕ್ಕಡಿಯನ್ನು ತೂಗುವವರು

ಈ ಸಲದ ಬರಹ ಸ್ವಲ್ಪ ತಾಂತ್ರಿಕ. ಸಾಫ್ಟ್‌ವೇರ್ ಅಂದ್ರೆ ಮೂಗು ಮುರಿಯುವವರು ಒಂದೆರಡು ಪ್ಯಾರಾ ಸಹಿಸಿಕೊಳ್ಳಿ, ಆಮೇಲೆ ಎಲ್ಲರಿಗೂ ಸಂಬಂಧಪಟ್ಟ ವಿಷಯಕ್ಕೇ ಬರ್ತೀನಿ. ನಾನು ಹೇಳಬೇಕೆಂದಿರೋದು ಇಷ್ಟೇ: ನಮ್ಮ ಆಫೀಸುಗಳಲ್ಲಿ ಕೋಡ್ ಬರೆದವನಿಗೆ ಸಿಗುವ ಮರ್ಯಾದೆಯ ಕಾಲುಭಾಗವೂ ಅದನ್ನು ಕೂತು ಓದಿ ತಪ್ಪು ಹುಡುಕಿದವನಿಗೆ ಸಿಗುವುದಿಲ್ಲ. ಎಲ್ಲಾ ಕೋಡಿಗೂ ಇದು ಕೆಟ್ಟದ್ದೇ. ಆದರೆ ಅಳತೆ ಮಾಡುವ ಕೋಡಿನ ವಿಷಯದಲ್ಲಂತೂ ಇದು ನಿಜಕ್ಕೂ ಅಪಾಯ.

ಹೈದರಾಬಾದಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಅದರಲ್ಲಿ ಬಹುಪಾಲು ಕಳೆದದ್ದು ಚಿಪ್ಪುಗಳ ಜೊತೆ, ಲಿನಕ್ಸ್ ಕರ್ನೆಲ್ ಜೊತೆ. ಈಚೆಗೆ ನನ್ನ ಪಾಲಿಗೆ ಬಂದದ್ದು ಒಂದು ಡ್ರೈವರ್ ರಿವ್ಯೂ ಮಾಡುವ ಕೆಲಸ. ಮೆಮೊರಿ ಕಂಟ್ರೋಲರ್ ಒಳಗಿನ ಕೌಂಟರುಗಳನ್ನು ಓದುವ ಡ್ರೈವರ್. ಕೋಡು ಸಾವಿರ ಸಾಲೂ ಇಲ್ಲ. "ಚಿಕ್ಕದು ಸಾರ್, ಅರ್ಧ ಗಂಟೆ ಸಾಕು" ಅಂದರು. ನಾಲ್ಕು ದಿನ ಹಿಡಿಯಿತು. ಯಾಕೆ ಅಂತ ಹೇಳ್ತೀನಿ ಕೇಳಿ.

ನಿಮ್ಮ ಫೋನೋ, ಆಫೀಸಿನ ಸರ್ವರೋ ಯಾವುದೇ ಇರಲಿ, ಪ್ರೊಸೆಸರ್ ಒಂದು ಕಡೆ, ಮೆಮೊರಿ ಇನ್ನೊಂದು ಕಡೆ. ನಡುವೆ ಕೂತಿರೋದು ಮೆಮೊರಿ ಕಂಟ್ರೋಲರ್, ಥೇಟ್ ಚೆಕ್‌ಪೋಸ್ಟ್ ಇದ್ದ ಹಾಗೆ. ಎಷ್ಟು ಸಲ ಓದಿದರು, ಎಷ್ಟು ಸಲ ಬರೆದರು, ಎಷ್ಟು ಹೊತ್ತು ಸುಮ್ಮನೆ ಕೂತಿತ್ತು, ಇದನ್ನೆಲ್ಲ ಎಣಿಸಲು ಚಿಪ್ ಮಾಡುವವರು ಅಲ್ಲೇ ಕೆಲವು ಕೌಂಟರುಗಳನ್ನು ಇಟ್ಟಿರುತ್ತಾರೆ. ಪ್ರೊಸೆಸರ್ ಜೋರಾಗಿದ್ದರೂ ವಿಡಿಯೋ ತಡವರಿಸುತ್ತಿದ್ದರೆ, ಮೆಮೊರಿಯ ದಾರಿಯಲ್ಲಿ ಜಾಮ್ ಆಗಿದೆಯಾ ಅಂತ ತಿಳಿಯಲು ಇವು ಬೇಕು. ಲಿನಕ್ಸ್‌ನಲ್ಲಿ ಈ ಎಣಿಕೆಗೆಲ್ಲ ಒಂದೇ ಚಾವಡಿ, ಅದರ ಹೆಸರು ಪರ್ಫ್. 2009ರಲ್ಲಿ ಬಂದ 2.6.31 ಆವೃತ್ತಿಯಿಂದ ಇದೆ. ಎನ್‌ಎಕ್ಸ್‌ಪಿ, ಹೈಸಿಲಿಕಾನ್, ಅಲಿಬಾಬಾ, ಮಾರ್ವೆಲ್, ಆಮ್‌ಲಾಜಿಕ್, ಹೀಗೆ ಒಬ್ಬೊಬ್ಬರೂ ತಮ್ಮ ಮೆಮೊರಿ ಕಂಟ್ರೋಲರ್‌ಗೆ ಒಂದೊಂದು ಡ್ರೈವರ್ ಬರೆದು ಸೇರಿಸಿದ್ದಾರೆ. ಒಂದು ಓದಿದರೆ ಇನ್ನೊಂದು ಅದರ ತಮ್ಮನ ಹಾಗೆ ಕಾಣುತ್ತದೆ.

ಇನ್ನು ಅಸಲಿ ವಿಷಯ. ಸೌಂಡ್ ಡ್ರೈವರ್ ತಪ್ಪಿದರೆ ಹಾಡು ಕೇಳಿಸೋದಿಲ್ಲ. ಡಿಸ್‌ಪ್ಲೇ ಡ್ರೈವರ್ ತಪ್ಪಿದರೆ ಪರದೆ ಕಪ್ಪು. ಯಾರಾದರೂ ಬಯ್ಯುತ್ತಾರೆ, ಯಾರಾದರೂ ರಿಪೇರಿ ಮಾಡುತ್ತಾರೆ. ಎಣಿಸುವ ಡ್ರೈವರ್ ತಪ್ಪಿದರೆ ಏನಾಗುತ್ತೆ? ಏನೂ ಆಗೋದಿಲ್ಲ! ಆಗಲೂ ಒಂದು ಸಂಖ್ಯೆ ಬರುತ್ತದೆ. ಹತ್ತು ಅಂಕಿಯ, ಗಂಭೀರವಾಗಿ ಕಾಣುವ ಸಂಖ್ಯೆ. ಅದನ್ನು ಒಬ್ಬ ಎಕ್ಸೆಲ್‌ಗೆ ಹಾಕ್ತಾನೆ, ಇನ್ನೊಬ್ಬ ಗ್ರಾಫ್ ಮಾಡ್ತಾನೆ, ಮೂರನೆಯವನು ಅದನ್ನು ನೋಡಿ ಮುಂದಿನ ಚಿಪ್ಪಿಗೆ ಮೆಮೊರಿ ಚಾನೆಲ್ ಎರಡು ಸಾಕೋ ನಾಲ್ಕು ಬೇಕೋ ಅಂತ ತೀರ್ಮಾನ ಮಾಡ್ತಾನೆ. ಕಿರಾಣಿ ಅಂಗಡಿಯ ತಕ್ಕಡಿ ಸುಳ್ಳು ಹೇಳಿದರೆ ಮನೆಗೆ ಹೋಗಿ ಇನ್ನೊಂದು ತಕ್ಕಡಿಯಲ್ಲಿ ತೂಗಬಹುದು. ಈ ತಕ್ಕಡಿಗೆ ಎರಡನೆಯದು ಅಂತ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಲೆಕ್ಕ ಹೇಳ್ತೀನಿ. ಹಲವು ಚಿಪ್ಪುಗಳಲ್ಲಿ ಈ ಕೌಂಟರ್ 32 ಬಿಟ್ಟಿನದು. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 295ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ನಮ್ಮ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ದಾಟಿದ ಮೇಲೆ ಸೊನ್ನೆ ತೋರಿಸುತ್ತಿತ್ತಲ್ಲ, ಹಾಗೆ. ಡಿಡಿಆರ್4-3200 ಮೆಮೊರಿಯ ಗಡಿಯಾರ ಸೆಕೆಂಡಿಗೆ 160 ಕೋಟಿ ಸಲ ಬಡಿಯುತ್ತದೆ. ಅದನ್ನು ಎಣಿಸುವ 32 ಬಿಟ್ ಕೌಂಟರ್ ಮೂರು ಸೆಕೆಂಡ್ ಆಗುವ ಮೊದಲೇ ತುಂಬಿ ಹರಿಯುತ್ತದೆ. ಪ್ರತಿ ಸಲ ತುಂಬಿದಾಗಲೂ ಡ್ರೈವರ್ ಅದನ್ನು ಲೆಕ್ಕಕ್ಕೆ ತಗೊಳ್ಳಬೇಕು. ತಗೊಳ್ಳದಿದ್ದರೆ ಹತ್ತು ಸೆಕೆಂಡಿಗೆ 1600 ಕೋಟಿ ಬರಬೇಕಾದಲ್ಲಿ 311 ಕೋಟಿ ಚಿಲ್ಲರೆ ಬರುತ್ತದೆ. ಅದೂ ಸಂಖ್ಯೆಯೇ ತಾನೇ? ಯಾರಿಗೂ ಅನುಮಾನ ಬರೋದಿಲ್ಲ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಗಡಿಯಾರ ಬೇಗ ತುಂಬುತ್ತದೆ, ಆದ್ದರಿಂದ ಬೇಗ ಸಿಕ್ಕಿಬೀಳುತ್ತದೆ. ಆದರೆ ಓದುವಿಕೆಯನ್ನು ಎಣಿಸುವ ಕೌಂಟರ್? ಒಂದು ಓದಿಗೆ 64 ಬೈಟ್ ಅಂತ ಇಟ್ಟುಕೊಳ್ಳಿ. ಅದೇ ಡಿಡಿಆರ್4-3200ರ ಒಂದು ಚಾನೆಲ್ಲಿನ ಗರಿಷ್ಠ ವೇಗ ಸೆಕೆಂಡಿಗೆ 25.6 ಜಿಬಿ. ಪೂರ್ತಿ ವೇಗದಲ್ಲಿ ಓದಿದರೂ ಕೌಂಟರ್ ತುಂಬಲು ಹತ್ತೂಮುಕ್ಕಾಲು ಸೆಕೆಂಡ್ ಬೇಕು. ಹುಡುಗರು ಪರೀಕ್ಷೆ ಮಾಡೋದು ಎಷ್ಟು ಹೊತ್ತು? ಐದು ಸೆಕೆಂಡ್, ಹೆಚ್ಚೆಂದರೆ ಹತ್ತು. ಎಲ್ಲಾ ಪಾಸ್! ಗಿರಾಕಿಯ ಮನೆಯಲ್ಲಿ ಒಂದು ಗಂಟೆ ಓಡಿಸಿದಾಗ ಬರುವ ಸುಳ್ಳು ಇಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅದು ಕಾಣಬೇಕಾದರೆ ಯಾರಾದರೂ ಕೋಡನ್ನು ಓದಬೇಕು, ಕಾಗದದ ಮೇಲೆ ಲೆಕ್ಕ ಹಾಕಬೇಕು. ನನ್ನ ನಾಲ್ಕು ದಿನದಲ್ಲಿ ಒಂದು ದಿನ ಹೋದದ್ದು ಇದಕ್ಕೇ.

ಇನ್ನೊಂದು ಉದಾಹರಣೆ. ಈ ಕೌಂಟರ್ ಎಲ್ಲಾ ಕೋರ್‌ಗಳಿಗೂ ಸಾಮಾನ್ಯ. ಯಾವ ಓದು ಯಾವ ಪ್ರೋಗ್ರಾಮಿನದು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ "ಈ ಒಂದು ಪ್ರೋಗ್ರಾಮಿನ ಲೆಕ್ಕ ಮಾತ್ರ ಕೊಡು" ಅಂತ ಯಾರಾದರೂ ಕೇಳಿದರೆ ಡ್ರೈವರ್ ಮುಲಾಜಿಲ್ಲದೆ ಆಗೋದಿಲ್ಲ ಅನ್ನಬೇಕು. ಅನ್ನದೆ ಊರಿನವರೆಲ್ಲರ ಲೆಕ್ಕವನ್ನು ಒಬ್ಬನ ಹೆಸರಿಗೆ ಬರೆದು ಕೊಟ್ಟರೆ? ಹಾಗೆಯೇ, ಈ ಎಣಿಕೆಯ ಉಸ್ತುವಾರಿಯನ್ನು ಒಂದು ಕೋರ್‌ಗೆ ವಹಿಸಿರುತ್ತಾರೆ. ವಿದ್ಯುತ್ ಉಳಿಸಲು ಆ ಕೋರನ್ನೇ ಆಫ್ ಮಾಡಿದರೆ ಜವಾಬ್ದಾರಿಯನ್ನು ಇನ್ನೊಂದಕ್ಕೆ ದಾಟಿಸಬೇಕು. ಬರೆದವನ ಮೇಜಿನ ಮೇಲಿನ ಬೋರ್ಡಿನಲ್ಲಿ ಎಲ್ಲಾ ಕೋರ್‌ಗಳೂ ಸದಾ ಎದ್ದೇ ಇರುತ್ತವೆ. ಪಾಪ, ಅವನಿಗೆ ಈ ತೊಂದರೆ ಕನಸಿನಲ್ಲೂ ಬರೋದಿಲ್ಲ.

ಹೆಸರಿನ ವಿಷಯ ಬೇರೆ. "ಮೂರು ವಾರದಿಂದ ಹೆಸರು ಸರಿಯಿಲ್ಲ ಅಂತ ಕಾಡ್ತಿದಾರೆ" ಅನ್ನೋದು ಎಲ್ಲಾ ಹುಡುಗರ ಗೋಳು. ಆದರೆ ಕರ್ನೆಲ್ಲಿನಲ್ಲಿ ಒಂದು ಕಟ್ಟುನಿಟ್ಟು ಇದೆ: ಬಳಕೆದಾರರಿಗೆ ಒಮ್ಮೆ ತೋರಿಸಿದ್ದನ್ನು ಆಮೇಲೆ ಬದಲಿಸಿ ಅವರ ಪ್ರೋಗ್ರಾಮು ಮುರಿಯಬಾರದು. ಇವತ್ತು ಅವಸರದಲ್ಲಿ ಇಟ್ಟ ಹೆಸರು ಇನ್ನು ಹದಿನೈದು ವರ್ಷ ಹಾಗೇ ಇರುತ್ತದೆ. ಎನ್‌ಎಕ್ಸ್‌ಪಿಯ ಐ.ಎಂ.ಎಕ್ಸ್ 8 ಡ್ರೈವರ್ ನೋಡಿ. ನಿರ್ದಿಷ್ಟ ಒಂದು ಘಟಕದ ಓದನ್ನು ಮಾತ್ರ ಎಣಿಸುವ ಫಿಲ್ಟರ್ ಅದರಲ್ಲಿದೆ. ಹಾರ್ಡ್‌ವೇರ್‌ನಲ್ಲಿ ಮಾಸ್ಕಿನ ಬಿಟ್ ಒಂದಾಗಿದ್ದರೆ 'ಹೋಲಿಸು' ಎಂದರ್ಥ. ಬಳಕೆದಾರ ಕೊಡುವಾಗ ಮಾತ್ರ ಇದು ಉಲ್ಟಾ, ಡ್ರೈವರೇ ಒಳಗೆ ತಿರುಗಿಸಿಕೊಳ್ಳುತ್ತದೆ. ಯಾಕೆ? ಮಾಸ್ಕ್ ಗೀಸ್ಕ್ ಏನೂ ಕೊಡದೆ ಬರೀ ಗುರುತಿನ ಸಂಖ್ಯೆ ಕೊಟ್ಟರೂ ಸರಿಯಾದ ಉತ್ತರ ಬರಲಿ ಅಂತ. ಎಷ್ಟು ಸಣ್ಣ ವಿಷಯ, ಎಷ್ಟು ಜನರ ತಲೆನೋವು ಉಳಿಸಿದೆ!

*

ಈಗ ನಮ್ಮ ಕಥೆಗೆ ಬರೋಣ. ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿದ್ದಾನೆ, ಚುರುಕು. ಅವನ ಪ್ಯಾಚಿಗೆ ಹೊರಗಿನಿಂದ ಹದಿನೇಳು ಪ್ರಶ್ನೆ ಬಂದವು. ಕ್ಯಾಂಟೀನಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಸರ್, ಅವ್ರಿಗೆ ನನ್ ಮ್ಯಾಲೆ ಏನರ ಸಿಟ್ಟ ಐತೇನ್ರಿ?"

"ಸಿಟ್ಟಿದ್ದಿದ್ರೆ ಓದ್ತಾನೇ ಇರ್ಲಿಲ್ಲ ಕಣಪ್ಪಾ" ಅಂದೆ. ತಮಾಷೆಗೆ ಹೇಳಿದ್ದಲ್ಲ. ಆರ್ಮ್ ಕಡೆಯ ಈ ಡ್ರೈವರುಗಳನ್ನು ನೋಡಿಕೊಳ್ಳುವ ವಿಲ್ ಡೀಕನ್, ಮಾರ್ಕ್ ರಟ್ಲೆಂಡ್ ಅಂಥವರ ಮುಂದೆ ಬರುವ ಪ್ಯಾಚುಗಳ ರಾಶಿ ದೊಡ್ಡದು. ಅದರಲ್ಲಿ ಹದಿನೇಳು ಪ್ರಶ್ನೆ ಬರೆಯುವಷ್ಟು ಹೊತ್ತು ಒಬ್ಬ ನಿಮ್ಮ ಕೋಡಿಗೆ ಕೊಟ್ಟ ಅಂದರೆ ಅದು ಗೌರವ. ಕರ್ನೆಲ್ಲಿನಲ್ಲಿ ನಿಜವಾದ ತಿರಸ್ಕಾರ ಅಂದರೆ ಮೌನ.

ನಮ್ಮಲ್ಲಿ ಕೆಂಪು ಶಾಯಿ ಅಂದರೆ ಅವಮಾನ ಅಂತ ಶಾಲೆಯಿಂದಲೇ ತಲೆಗೆ ಹೋಗಿದೆ. ಮೇಷ್ಟ್ರು ತಪ್ಪು ಗುರುತಿಸಿದರೆ ಪಕ್ಕದವನು ನಗುತ್ತಿದ್ದ. ಆಫೀಸಿಗೆ ಬಂದ ಮೇಲೂ ಅದೇ. ಹಾಗಾಗಿ ಯಾರೂ ಯಾರ ಕೋಡಿಗೂ ತಪ್ಪು ಹೇಳೋದಿಲ್ಲ. "ಚೆನ್ನಾಗಿದೆ" ಅಂತ ಒಂದು ಪದ ಬರೆದು ಕೈ ತೊಳೆದುಕೊಳ್ಳೋದು. ನೀನು ನನ್ನದು ದಾಟಿಸು, ನಾನು ನಿನ್ನದು ದಾಟಿಸ್ತೀನಿ! ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ವರ್ಷದ ಕೊನೆಗೆ ಒಬ್ಬೊಬ್ಬರೂ ಎಷ್ಟು ಪ್ಯಾಚ್ ಸೇರಿಸಿದರು ಅಂತ ಎಣಿಸುತ್ತಿದ್ದರು. ಎಷ್ಟು ಪ್ಯಾಚ್ ಓದಿದರು ಅನ್ನುವ ಕಾಲಮ್ಮೇ ಇರಲಿಲ್ಲ. ವರ್ಷವೆಲ್ಲ ಬೇರೆಯವರ ತಪ್ಪು ಹಿಡಿದು ಮಾಲು ಮರಳಿ ಬರದಂತೆ ಕಾಪಾಡಿದವರಿಗೆ ಸಿಕ್ಕಿದ್ದು "ಈ ವರ್ಷ ನಿಮ್ಮ ಔಟ್‌ಪುಟ್ ಕಡಿಮೆ" ಎಂಬ ಬಿರುದು.

ಕರ್ನೆಲ್ಲಿನಲ್ಲಿ 'ರಿವ್ಯೂಡ್-ಬೈ' ಅಂತ ಹೆಸರು ಹಾಕುವುದಕ್ಕೆ ಬರೆದಿಟ್ಟ ಅರ್ಥವೇ ಇದೆ. ನಾನು ತಾಂತ್ರಿಕವಾಗಿ ಓದಿದ್ದೇನೆ, ನನ್ನ ಅನುಮಾನಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಅವರ ಉತ್ತರದಿಂದ ತೃಪ್ತನಾಗಿದ್ದೇನೆ ಎಂದು. ಗ್ಯಾರಂಟಿ ಏನಲ್ಲ. ಆದರೆ ಹೆಸರು ಶಾಶ್ವತವಾಗಿ ಇತಿಹಾಸದಲ್ಲಿ ಉಳಿಯುತ್ತದೆ, ಬರೆದವನ ಹೆಸರಿನ ಪಕ್ಕದಲ್ಲೇ.

ಹಾಗಂತ ರಿವ್ಯೂ ಮಾಡುವವರೆಲ್ಲ ದೇವರು ಅಂತ ಹೇಳ್ತಿಲ್ಲ. ಅಲ್ಲೂ ಸತಾಯಿಸುವವರಿದ್ದಾರೆ. ಅರ್ಥದ ಬಗ್ಗೆ ಒಂದು ಮಾತಿಲ್ಲದೆ ಬರೀ ಖಾಲಿ ಜಾಗ, ಅಲ್ಪವಿರಾಮದ ಬಗ್ಗೆ ಮೂರು ಸುತ್ತು ಓಡಿಸುವವರಿದ್ದಾರೆ. ಬೈಗುಳದ ಭಾಷೆಯೂ ಇತ್ತು. ಖುದ್ದು ಲಿನಸ್ ಟೊರ್ವಾಲ್ಡ್ಸ್ 2018ರಲ್ಲಿ ತನ್ನ ಒರಟು ಮಾತಿಗೆ ಕ್ಷಮೆ ಕೇಳಿ ಕೆಲವು ದಿನ ದೂರ ಉಳಿದದ್ದು, ಅದೇ ಹೊತ್ತಿಗೆ ನಡವಳಿಕೆಯ ಸಂಹಿತೆ ಬಂದದ್ದು ನೆನಪಿರಬಹುದು. ಮೊದಲ ಪ್ಯಾಚ್ ಕಳಿಸಿದ ಹುಡುಗ ಒಂದು ಕೆಟ್ಟ ಉತ್ತರಕ್ಕೆ ಬೆದರಿ ಮತ್ತೆ ಆ ಕಡೆ ತಲೆ ಹಾಕದಿದ್ದರೆ ನಷ್ಟ ಎಲ್ಲರಿಗೂ. ಪ್ರಶ್ನೆ ಕಠಿಣವಾಗಿರಲಿ, ಮಾತು ಕಠಿಣವಾಗಬೇಕಿಲ್ಲ.

ಆದರೆ ಹೊರಗಿನ ರಿವ್ಯೂಗೆ ಒಂದು ಮಿತಿ ಇದೆ. ಅಲ್ಲಿ ಕೂತವರ ಹತ್ತಿರ ನಿಮ್ಮ ಚಿಪ್ ಇಲ್ಲ, ಎಷ್ಟೋ ಸಲ ನಿಮ್ಮ ಮ್ಯಾನ್ಯುಯಲ್ ಕೂಡ ಇಲ್ಲ. ಕೌಂಟರ್ ತುಂಬಿದಾಗ ನಿಂತುಬಿಡುತ್ತದೋ, ಸೊನ್ನೆಯಿಂದ ಮುಂದುವರಿಯುತ್ತದೋ? ಅವರು ಕೇಳಬಲ್ಲರು, ನೋಡಲಾರರು. ನೋಡಬಲ್ಲವರು ಬೋರ್ಡನ್ನು ಮುಂದಿಟ್ಟುಕೊಂಡು ಕೂತ ನಾವು, ಇಲ್ಲಿ ಹೈದರಾಬಾದಿನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ಕಷ್ಟವೇನೂ ಇಲ್ಲ. ಗೊತ್ತಿರುವ ಭಾರ ಹಾಕಿ ನೋಡಿ: 1 ಜಿಬಿಯಷ್ಟು ದೊಡ್ಡ ಮೆಮೊರಿಯನ್ನು ಒಂದು ಸಲ ಓದಿದರೆ, ಓದಿಗೆ 64 ಬೈಟ್‌ನಂತೆ ಸುಮಾರು 1 ಕೋಟಿ 68 ಲಕ್ಷ ಬರಬೇಕು. ಅದರ ಅರ್ಧ ಬಂತಾ? ಎರಡರಷ್ಟು ಬಂತಾ? ಯಾಕೆ? ಬರೆಯುವ ಮೊದಲು ಕ್ಯಾಶ್ ಆ ಜಾಗವನ್ನು ಓದಿಕೊಳ್ಳುತ್ತದೆ, ಆದ್ದರಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದಾಗ ಓದು ದುಪ್ಪಟ್ಟಾಗಬಹುದು. ಅದು ತಪ್ಪಲ್ಲ, ನಿಜ. ಈ ವ್ಯತ್ಯಾಸ ಹೇಳಬಲ್ಲವನೇ ರಿವ್ಯೂಗೆ ಅರ್ಹ.

ಅಳತೆಯನ್ನು ನಂಬಿ ಬೆನ್ನುಹತ್ತಿದವನೊಬ್ಬ ಏನು ಮಾಡಬಲ್ಲ ಅನ್ನೋದಕ್ಕೆ 2024ರ ಮಾರ್ಚ್ ಸಾಕ್ಷಿ. ಆಂಡ್ರೆಸ್ ಫ್ರಾಯಂಡ್ ಎಂಬ ಇಂಜಿನಿಯರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಪರ್ಫ್‌ನಲ್ಲಿ ನೋಡಿದರೆ ಯಾವ ಫಂಕ್ಷನ್ನಿಗೂ ಸೇರದ ಜಾಗದಲ್ಲಿ ಸಮಯ ಹೋಗುತ್ತಿತ್ತು. ಅಗೆದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ ಯಾರೋ ಬೇಕೆಂದೇ ಅಡಗಿಸಿಟ್ಟ ಕಳ್ಳಬಾಗಿಲು. ಆ ಲೈಬ್ರರಿಯನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬನೇ ನೋಡಿಕೊಂಡು ಸುಸ್ತಾಗಿದ್ದ, ಸಹಾಯಕ್ಕೆ ಬಂದಂತೆ ನಟಿಸಿದವನೇ ಕನ್ನ ಹಾಕಿದ್ದ. ಓದುವವರು ಕಡಿಮೆಯಾದರೆ ಆಗುವುದು ಇದೇ.

ಈಗಂತೂ ಯಂತ್ರಗಳೇ ಕೋಡ್ ಬರೆದುಕೊಡುತ್ತವೆ. ಈ ಡ್ರೈವರುಗಳು ಒಂದರ ಹಾಗೆ ಇನ್ನೊಂದು ಇರುವುದರಿಂದ ಅಸ್ಥಿಪಂಜರ ಬಹಳ ಚೆನ್ನಾಗಿ ಬರುತ್ತದೆ. ತಪ್ಪುವುದು ನಿಮ್ಮ ಚಿಪ್ಪಿಗೆ ಮಾತ್ರ ಸೇರಿದ ಆ ನಾಲ್ಕು ಸಾಲು. ಬರೆಯುವುದು ಅಗ್ಗವಾದಷ್ಟೂ ಓದುವುದರ ಬೆಲೆ ಏರಬೇಕು. ನಮ್ಮ ಅಪ್ರೈಸಲ್ ಫಾರ್ಮುಗಳಿಗೆ ಇದಿನ್ನೂ ಗೊತ್ತಾಗಿಲ್ಲ.

ಮ್ಯಾನೇಜರ್ ಆಗಿರುವ ಓದುಗರು ಈ ವರ್ಷ ಆ ಫಾರ್ಮಿಗೆ ಒಂದು ಕಾಲಮ್ ಸೇರಿಸಿ ನೋಡಿ: ಯಾರ ಕೋಡಿನಲ್ಲಿ ಏನು ಹುಡುಕಿದೆ, ಅದರಿಂದ ಏನು ಉಳಿಯಿತು. ಹುಡುಗರಿಗೆ ಒಂದು ಮಾತು: ನಿಮ್ಮ ಪ್ಯಾಚ್ ಕಳಿಸುವ ಮೊದಲು ಬೇರೆಯವರದ್ದೊಂದು ಓದಿ, ಒಂದಾದರೂ ನಿಜವಾದ ಪ್ರಶ್ನೆ ಕೇಳಿ. ನಮ್ಮ ಹುಬ್ಬಳ್ಳಿ ಹುಡುಗ ಈಗ ಅದನ್ನೇ ಮಾಡ್ತಿದ್ದಾನೆ. ಕಳೆದ ವಾರ ನನ್ನ ಪ್ಯಾಚಿಗೇ ಒಂಬತ್ತು ಪ್ರಶ್ನೆ ಕಳಿಸಿದ್ದಾನೆ, ಇನ್ನೂ ಐದಕ್ಕೆ ಉತ್ತರ ಬರೆಯೋದು ಬಾಕಿ ಇದೆ.

ನಿಮ್ಮ ಆಫೀಸುಗಳಲ್ಲಿ ಹೇಗೆ? ಸಾಫ್ಟ್‌ವೇರೇ ಆಗಬೇಕಿಲ್ಲ, ಬ್ಯಾಂಕು, ಲ್ಯಾಬು, ಪ್ರೆಸ್ಸು ಎಲ್ಲೇ ಆಗಲಿ, ತಪ್ಪು ಹುಡುಕುವವರಿಗೆ ಕುರ್ಚಿ ಕೊಡ್ತಾರಾ? ಬರೀರಿ.