ರೋಗದ ಮೂಲಶೋಧನೆ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿದರು. ರೋಗಮೂಲವನ್ನು ಅವರು ಆ ಸಾಲಿಗೆ ಸೇರಿಸಲಿಲ್ಲ. 2019ರ ಡಿಸೆಂಬರಿನಲ್ಲಿ ಚೀನದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಕೋವಿಡ್ ಮಹಾಮಾರಿಯ ಮೂಲ ಯಾವುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳ ಮಂಡಲಿಯು 2025ರ ಜೂನಿನಲ್ಲಿ ಒಪ್ಪಿಸಿದ ವರದಿಯಂತೆ, ದೊರೆತ ಸಾಕ್ಷ್ಯದ ತೂಕವು ಪ್ರಾಣಿಗಳಿಂದ ಮನುಷ್ಯನಿಗೆ ರೋಗ ದಾಟಿತೆಂಬ ಕಡೆಗೆ ವಾಲುತ್ತದೆ. ಪ್ರಯೋಗಾಲಯದಿಂದ ಹೊರಬಿದ್ದಿರಬಹುದೆಂಬ ಸಂಶಯವನ್ನು ಸಾಧಿಸಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಮೊದಲ ರೋಗಿಗಳಲ್ಲಿ ಕಂಡ ವೈರಸ್ಸಿನ ಪೂರ್ಣ ವಿವರ, ಮಾರುಕಟ್ಟೆಗಳಲ್ಲಿ ಮಾರಿದ ಪ್ರಾಣಿಗಳ ವಿವರ, ಪ್ರಯೋಗಾಲಯಗಳ ಸುರಕ್ಷತೆಯ ದಾಖಲೆ ಇವುಗಳನ್ನು ಕೇಳಿದರೂ ಚೀನ ಸರಕಾರ ಒದಗಿಸಲಿಲ್ಲ.

ಆದದ್ದು ಆಗಿಹೋಯಿತು, ಇನ್ನು ಕೆದಕಿ ಫಲವೇನೆಂದು ಕೇಳುವವರಿದ್ದಾರೆ. ಅವರು ನಮ್ಮ ಶಿವಮೊಗ್ಗ ಜಿಲ್ಲೆಯ ಕಥೆಯನ್ನು ಕೇಳಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಕಾಡಿಗೆ ಹೋಗಿಬರುವ ಹಳ್ಳಿಗರು ಜ್ವರದಿಂದ ಮಲಗಿದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೆಂದು ಮೊದಲು ಭೀತಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿ, ಅದುವರೆಗೆ ಯಾರೂ ಅರಿಯದಿದ್ದ ವೈರಸ್ಸನ್ನು ಪತ್ತೆಹಚ್ಚಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂದು ತೋರಿಸಿಕೊಟ್ಟರು. ಮಂಗನ ಕಾಯಿಲೆ ಅಳಿಯಿತೆಂದು ನಾವು ಹೇಳುವುದಿಲ್ಲ. ಮಲೆನಾಡಿನಲ್ಲಿ ಅದು ಇಂದಿಗೂ ಜೀವ ತೆಗೆಯುತ್ತಿದೆ. ಆದರೆ ಮಂಗ ಸತ್ತ ಸುದ್ದಿ ಬಂದೊಡನೆ ಊರನ್ನು ಎಚ್ಚರಿಸುವುದೂ, ಸೌದೆಗೆ ತರಗೆಲೆಗೆ ಹೋಗುವವರು ಕೈಕಾಲಿಗೆ ಎಣ್ಣೆ ಸವರಿಕೊಳ್ಳುವುದೂ ಸಾಧ್ಯವಾದದ್ದು ಮೂಲ ತಿಳಿದುದರಿಂದಲೇ.

ಮೂಲದಲ್ಲಿ ತಡೆಯದ ರೋಗ ಕಡೆಗೆ ಯಾರ ಮೇಲೆ ಬೀಳುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಹೋಟೆಲುಗಳ ಒಲೆ ಆರಿತು. ಮಾಣಿಗಳೂ ಅಡಿಗೆಯವರೂ ಸಂಬಳವಿಲ್ಲದೆ ಖೋಲಿಗಳಲ್ಲಿ ದಿನವೆಣಿಸಿದರು. ಊರಿಗೆ ಹೊರಟವರನ್ನು ಗಡಿಯಲ್ಲಿ ತಡೆದರು, ಶಾಲೆ ಹಾಸ್ಟೆಲುಗಳಲ್ಲಿ ಇರಿಸಿದರು. ಪ್ರತ್ಯೇಕವಾಸ ಅಗತ್ಯವಾಗಿದ್ದಿತು, ಒಪ್ಪುತ್ತೇವೆ. ಆದರೆ ಮುಂಬಯಿಯವರು ರೋಗ ತಂದರೆಂಬ ಚುಚ್ಚುಮಾತನ್ನು ಹುಟ್ಟಿದೂರಿನಲ್ಲೇ ಕೇಳುವ ಪಾಡು ಯಾರಿಗೂ ಬೇಡ.

ವುಹಾನಿನ ಹ್ವಾನಾನ್ ಮಾರುಕಟ್ಟೆಯನ್ನು ಮುಚ್ಚಿದ್ದು 2020ರ ಜನವರಿ 1ರಂದು. ಅಂತರರಾಷ್ಟ್ರೀಯ ತಜ್ಞರು ಅಲ್ಲಿಗೆ ಕಾಲಿಟ್ಟದ್ದು 2021ರ ಜನವರಿಯಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಗಳು ಮಹಾಮಾರಿಗಳ ಬಗ್ಗೆ ಒಪ್ಪಂದವೊಂದನ್ನು ಅಂಗೀಕರಿಸಿದುವು; ಆದರೆ ಯಾವ ಸರಕಾರಕ್ಕೂ ಆಜ್ಞೆ ಮಾಡುವ ಅಧಿಕಾರವನ್ನು ಅದು ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟಿಲ್ಲ. ರೋಗ ತಲೆದೋರಿದ ಕೆಲವೇ ದಿನಗಳಲ್ಲಿ ಹೊರಗಿನ ತಜ್ಞರಿಗೆ ಮಾರುಕಟ್ಟೆ, ಆಸ್ಪತ್ರೆ, ಪ್ರಯೋಗಾಲಯಗಳ ಬಾಗಿಲು ತೆರೆಯತಕ್ಕದ್ದೆಂಬ ಕಟ್ಟಳೆಗಾಗಿ ಭಾರತ ಸರಕಾರವು ಒತ್ತಾಯಿಸಬೇಕು. ನಾಳೆ ರೋಗ ನಮ್ಮಲ್ಲಿಯೇ ಹುಟ್ಟಿದರೆ ಅದೇ ಕಟ್ಟಳೆಗೆ ತಾನೂ ತಲೆಬಾಗುವುದಾಗಿ ಈಗಲೇ ಮಾತು ಕೊಡಬೇಕು.