ಓದಿ ಹೇಳಿದ ಮೇಲೆಯೇ ಸಹಿ

ನವಿಲುತೀರ್ಥದ ಸುತ್ತಣ ಗ್ರಾಮಗಳ ಪಾಲಕ ಬಂಧುಗಳಲ್ಲಿಯೂ ತಾಯಂದಿರಲ್ಲಿಯೂ ವಿನಂತಿ.

ಜೋಳದ ಸುಗ್ಗಿಯ ಒಂದು ಸಂಜೆ, ಕಣಿಕೆಯ ಹೊರೆಯನ್ನು ಆಗತಾನೆ ಅಂಗಳದಲ್ಲಿ ಇಳಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದ ತಾಯಿಯೊಬ್ಬಳ ಮುಂದೆ ಶಾಲೆಯ ಠರಾವು ಪುಸ್ತಕವನ್ನು ತೆರೆದು ಹಿಡಿದವನು ನಾನೇ. “ಇದರಾಗ ಏನ್ ಬರದೀರ್ರೀ ಅಣ್ಣಾರ?” ಎಂದು ಆಕೆ ಕೇಳಿದಳು. “ಏನಿಲ್ಲವಾ, ನಿಂದೊಂದು ಸಹಿ ಬೇಕಾಗೇತಿ” ಎಂದೆ. ಊರೆಲ್ಲ ಹೊಲದಲ್ಲಿದ್ದ ಹೊತ್ತಿನಲ್ಲಿ ನಾಲ್ವರು ಗಂಡಸರು ಕುಳಿತು ಮುಗಿಸಿದ್ದ ಸಭೆಗೆ ಆಕೆ ಬಂದಿದ್ದಳೆಂದು ಆ ಸಹಿಯು ಸಾಕ್ಷಿ ನುಡಿಯಿತು. ಆಗ ಸಮಿತಿಯ ಅಧ್ಯಕ್ಷನಾಗಿದ್ದ ನನಗೆ ಆ ಪ್ರಶ್ನೆಯು ಇಂದಿಗೂ ಚುಚ್ಚುತ್ತಿದೆ.

ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ನಮ್ಮ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಇಂತಹ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೂ ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮು ವಿಧಿಸಿತು. ಅನುದಾನದ ವಿನಿಯೋಗವನ್ನು ನೋಡುವುದೂ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಈ ಸದಸ್ಯರ ಕರ್ತವ್ಯವೇ ಆಗಿರಲು, ಅವರಲ್ಲಿ ಅರ್ಧದಷ್ಟು ಜನರನ್ನು ಅಂಗಳದಲ್ಲಿ ನಿಲ್ಲಿಸಿ ಸಹಿ ಮಾಡಿಸಿಕೊಳ್ಳುವ ಅಧ್ಯಕ್ಷನು ಶಾಲೆಗೆ ಬಣ್ಣ ಹೊಡೆಸಿರಬಹುದು, ಗೋಡೆಯ ಮೇಲೆ ತನ್ನ ಹೆಸರನ್ನೂ ಬರೆಸಿರಬಹುದು. ಸಮಿತಿಯನ್ನಂತೂ ಅವನು ನಡೆಸಿಲ್ಲ.

ಆದುದರಿಂದ ಅಧ್ಯಕ್ಷರಾದವರು ಸಭೆಯನ್ನು ಹೊಲದ ಕೆಲಸ ಮುಗಿದ ಇಳಿಹೊತ್ತಿಗೆ ಕರೆಯಲಿ. ಸಂತೆಯ ದಿನವನ್ನೂ, ಗುಡ್ಡದ ಎಲ್ಲಮ್ಮನ ಜಾತ್ರೆಗೆ ಬಂಡಿ ಹೂಡುವ ಹುಣ್ಣಿಮೆಯ ದಿನಗಳನ್ನೂ ಬಿಡಲಿ. ಬಿಸಿಯೂಟದ ಅಕ್ಕಿ ಎಷ್ಟು ಬಂದಿತು, ಎಷ್ಟು ಉಳಿಯಿತು, ಅನುದಾನದ ಹಣ ಯಾವುದಕ್ಕೆ ಹೋಯಿತು ಎಂಬುದನ್ನು ಹಿಂದೆ ಕುಳಿತವರಿಗೂ ಕೇಳಿಸುವಂತೆ ಓದಿಸಲಿ. ತಾಯಂದಿರು ಮಾತನಾಡಿದ ಬಳಿಕವೇ ತಾವು ಬಾಯಿ ತೆರೆಯಲಿ. ಗುರುಗಳನ್ನೂ ಅಕ್ಕೋರನ್ನೂ ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ ಈ ಮಾತಲ್ಲ. ಲೆಕ್ಕವು ಬಹಿರಂಗವಾದಲ್ಲಿ ಅವರ ಮೇಲಣ ಗುಸುಗುಸು ತಾನಾಗಿ ಅಡಗುವುದು.

ನಮ್ಮ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮೃತ್ಯುಪತ್ರದ ಮೂಲಕ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಕಾಲವಾದರು. ಅವರ ನೆಲದಲ್ಲಿ ತಿಂಗಳಿಗೊಂದು ಸಂಜೆಯನ್ನು ಬೇಡುವುದು ಅಧಿಕವಾಗಲಾರದು.

ತಾಯಂದಿರೇ, ಓದಿ ಹೇಳದ ಠರಾವು ಪುಸ್ತಕವು ನಿಮ್ಮ ಅಂಗಳಕ್ಕೆ ಬಂದರೆ, ತಂದವರು ಎಷ್ಟೇ ಬೇಕಾದವರಾಗಿರಲಿ, ಸಹಿ ಮಾಡದೆ ಹಿಂದಕ್ಕೆ ಕಳುಹಿಸಿರಿ.